ಹಿಂಬದಿ ಬಂಪರ್ ಮತ್ತು ಪಕ್ಕದ ತಗಡಿನ ಮೇಲೆ ಗೀರು: ಯಾವುದನ್ನು ಉಜ್ಜಬೇಕು, ಯಾವುದಕ್ಕೆ ಬಣ್ಣ ಹಾಕಿಸಬೇಕು?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಸಂಜೆ ಕಾರನ್ನು ರಿವರ್ಸ್‌ನಲ್ಲಿ ಮನೆಯೊಳಗೆ ತರುವಾಗ ಎಡಗಡೆಯ ಹಿಂಭಾಗ ಗೇಟಿನ ಕಂಬಕ್ಕೆ ಉಜ್ಜಿಕೊಂಡಿತು. ಮೂರೂವರೆ ವರ್ಷದ, ಬೆಳ್ಳಿ ಬಣ್ಣದ ಚಿಕ್ಕ ಗಾಡಿ. ಇದುವರೆಗೆ ಎಲ್ಲಿಯೂ ಮರುಬಣ್ಣ ಹಾಕಿಸಿಲ್ಲ. ಬಂಪರಿನ ಮೂಲೆಯಲ್ಲಿ ಅಂಗೈಯಗಲ ತರಚಿದೆ, ಅದರ ಮೇಲೆ ಕಂಬದ ಹಳದಿ ಬಣ್ಣ ಮೆತ್ತಿಕೊಂಡಿದೆ. ಮೂಲೆ ಸ್ವಲ್ಪ ಒಳಕ್ಕೆ ನೆಗ್ಗಿದೆ. ಬಂಪರಿಗೂ ಪಕ್ಕದ ತಗಡಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿದೆ. ಹಿಂಚಕ್ರದ ಮೇಲಿನ ತಗಡಿನಲ್ಲಿ ಮೂರು ಉದ್ದ ಗೀರುಗಳಿವೆ.

ಸರ್ವಿಸ್ ಸೆಂಟರಿನಲ್ಲಿ ತೋರಿಸಿದಾಗ ಹತ್ತೇ ನಿಮಿಷದಲ್ಲಿ ಅಂದಾಜುಪಟ್ಟಿ ಕೈಗೆ ಬಂತು: ಹೊಸ ಬಂಪರ್ 4,200 ರೂಪಾಯಿ, ಅದಕ್ಕೆ ಬಣ್ಣ 3,500, ಪಕ್ಕದ ತಗಡಿಗೆ ಪೂರ್ತಿ ಬಣ್ಣ 3,800, ಒಟ್ಟು 11,500. ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ನಿಮಗೆ ಹೊರೆಯಾಗುವುದಿಲ್ಲ ಎಂದೂ ಹೇಳಿದರು. ಗೀರನ್ನು ಯಾರೂ ಬೆರಳಿಟ್ಟು ನೋಡಲಿಲ್ಲ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಇಷ್ಟೆಲ್ಲ ಕೆಲಸ ನಿಜವಾಗಿ ಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ರಿಂಗ್ ರೋಡ್, ಬೆಂಗಳೂರು:

ಮೇಡಂ, ಗೀರುಗಳಿಗೆ ಮೊದಲು ಬಿಳಿಯ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ನೋಡಿ, ನನ್ನ ಗಾಡಿಯ ಬಾಗಿಲಿನ ಗೀರು ಅದರಿಂದಲೇ ಹೋಯಿತು. ಬಂಪರಿಗೆ ಸ್ಪ್ರೇ ಡಬ್ಬಿ ಸಾಕು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೆಳ್ಳಿ ಬಣ್ಣದ ಡಬ್ಬಿ ಸುಲಭವಾಗಿ ಸಿಗುತ್ತದೆ, ಒಂದು ಮಧ್ಯಾಹ್ನದ ಕೆಲಸ.

ಬಣ್ಣದ ಶೆಡ್, ಹುಬ್ಬಳ್ಳಿ:

ಮೇಡಂ, ದಯವಿಟ್ಟು ಇವತ್ತೇ ಏನನ್ನೂ ಉಜ್ಜಬೇಡಿ. ಇಪ್ಪತ್ತೆರಡು ವರ್ಷದಿಂದ ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದೇನೆ. ನನ್ನ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಕಂಬ ಮಾಡಿದ ಹಾನಿಗಿಂತ, ಆಮೇಲೆ ಮನೆಯಲ್ಲಿ ಉಜ್ಜಿ ಮಾಡಿಕೊಂಡ ಹಾನಿಯನ್ನು ಸರಿಪಡಿಸುವುದು ಎಷ್ಟೋ ಸಲ ಹೆಚ್ಚು ಕಷ್ಟವಾಗುತ್ತದೆ. ಗೀರು ಎಷ್ಟು ಉದ್ದವಿದೆ ಎಂಬುದು ಮುಖ್ಯವಲ್ಲ, ಯಾವ ಪದರದವರೆಗೆ ಇಳಿದಿದೆ ಎಂಬುದು ಮುಖ್ಯ.

ನಿಮ್ಮ ಕಾರಿನ ತಗಡಿನ ಮೇಲೆ ನಾಲ್ಕು ಪದರಗಳಿವೆ. ಮೊದಲನೆಯದು, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಹಿಡಿಸಿದ, ತುಕ್ಕನ್ನು ತಡೆಯುವ ಪದರ. ಅದರ ಮೇಲೆ ಬಣ್ಣಕ್ಕೆ ಹಿಡಿತ ಕೊಡುವ ಪ್ರೈಮರ್, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಹೊಳಪು ಕೊಡುವ ಕ್ಲಿಯರ್. ನಾಲ್ಕೂ ಸೇರಿದರೆ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಎಂದರೆ ಅಂದಾಜು ಸಿಗಬಹುದು. ಇದರಲ್ಲಿ ಕ್ಲಿಯರ್‌ನ ಪಾಲು ಸುಮಾರು 40 ಮೈಕ್ರಾನ್. ಪಾಲಿಶ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ, ಗೀರಿನ ತಳ ಸಿಗುವವರೆಗೆ ಸುತ್ತಲಿನ ಕ್ಲಿಯರನ್ನು ತೆಗೆಯುವುದು. ಬಿಸಿಲಿನಿಂದ ಬಣ್ಣವನ್ನು ಕಾಯುವ ಅಂಶವಿರುವುದೂ ಆ ಕ್ಲಿಯರ್‌ನಲ್ಲೇ. ಅದನ್ನು ಒಂದೇ ಕಡೆ ಉಜ್ಜಿ ಉಜ್ಜಿ ತೆಳು ಮಾಡಿದರೆ, ಎರಡು ಮೂರು ಬೇಸಿಗೆಯೊಳಗೆ ಅಲ್ಲಿ ಹೊಪ್ಪಳೆ ಏಳುತ್ತದೆ.

ಮನೆಯಲ್ಲಿಯೇ ಎರಡು ಪರೀಕ್ಷೆಗಳನ್ನು ಮಾಡಬಹುದು. ಗಾಡಿಯನ್ನು ಶಾಂಪೂ ನೀರಿನಲ್ಲಿ ತೊಳೆದು ಒರೆಸಿ, ನೆರಳಿನಲ್ಲಿ ನಿಲ್ಲಿಸಿ. ಗೀರಿಗೆ ಅಡ್ಡಲಾಗಿ ಉಗುರನ್ನು ಒತ್ತದೆ ಎಳೆಯಿರಿ. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಗೀರು ಕ್ಲಿಯರ್‌ನ ಮೇಲ್ಭಾಗದಲ್ಲಷ್ಟೇ ಇದೆ. ಆಮೇಲೆ ಗೀರಿನ ಮೇಲೆ ನೀರು ಬಿಟ್ಟು ನೋಡಿ. ನೀರು ತುಂಬಿದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಪಾಲಿಶ್‌ಗೆ ಹೋಗುತ್ತದೆ. ನೀರಿನಲ್ಲೂ ಬಿಳಿಯಾಗಿ ಅಥವಾ ಬೂದು ಬಣ್ಣದಲ್ಲಿ ಕಂಡರೆ ಪ್ರೈಮರ್ ಬಂದಿದೆ ಎಂದರ್ಥ, ಅದನ್ನು ಯಾವ ಪಾಲಿಶೂ ಮುಚ್ಚಲಾರದು. ತಗಡಿನ ಹೊಳಪು ಅಥವಾ ಕಂದು ಚುಕ್ಕೆ ಕಂಡರೆ ಮಾತ್ರ ಅವಸರ ಮಾಡಬೇಕು.

ಬಂಪರಿನ ಮೇಲಿನ ಹಳದಿ ನಿಮ್ಮ ಗಾಡಿಯ ಗಾಯವಲ್ಲ, ಕಂಬದ ಬಣ್ಣ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿಕೊಂಡು ಮೆಲ್ಲಗೆ ಒರೆಸಿ, ಕೂಡಲೇ ಸೋಪಿನ ನೀರಿನಿಂದ ತೊಳೆಯಿರಿ. ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ದ್ರವವನ್ನು ಮಾತ್ರ ಮುಟ್ಟಬೇಡಿ, ಅವು ಬಣ್ಣವನ್ನೇ ಮೆತ್ತಗೆ ಮಾಡುತ್ತವೆ. ಹಳದಿ ಹೋದ ಮೇಲೆ ಉಳಿಯುವ ಹಾನಿ ಈಗ ಕಾಣುವುದರ ಅರ್ಧವೂ ಇರದಿರಬಹುದು.

ರಿಂಗ್ ರೋಡ್, ಬೆಂಗಳೂರು:

ಸರ್, ತಮ್ಮ ಅನುಭವದ ಬಗ್ಗೆ ಗೌರವವಿದೆ. ಆದರೆ ನನ್ನ ಬಾಗಿಲಿನ ಗೀರು ಟೂತ್‌ಪೇಸ್ಟಿನಿಂದ ಹೋದದ್ದು ನಿಜ. ಅದು ಹೇಗೆ?

ಬಣ್ಣದ ಶೆಡ್, ಹುಬ್ಬಳ್ಳಿ:

ಹೋದದ್ದು ನಿಜವೇ ಇರುತ್ತದೆ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲು ನುಣ್ಣನೆಯ ಪುಡಿ ಇರುತ್ತದೆ, ನಿಮ್ಮ ಗೀರು ಕ್ಲಿಯರ್‌ನ ಮೇಲೆಯೇ ಇತ್ತು, ಅದನ್ನು ಆ ಪುಡಿ ತೇಯ್ದಿದೆ. ಆದರೆ ಆ ಪುಡಿಯ ಕಣ ಎಷ್ಟು ದಪ್ಪ ಎಂಬುದು ಕೊಳವೆಯ ಮೇಲೆ ಬರೆದಿರುವುದಿಲ್ಲ. ಬಣ್ಣದ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಗೀರಿನ ಆಳಕ್ಕೆ ತಕ್ಕಂತೆ ಒರಟು, ಮಧ್ಯಮ, ನುಣುಪು ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ಹಾಗಾಗಿ ಕಡಿಮೆ ತೇಯ್ದು ಕೆಲಸ ಮುಗಿಸಬಹುದು. ನಿಮ್ಮ ಬಾಗಿಲನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಒಮ್ಮೆ ನೋಡಿ. ಉಜ್ಜಿದ ಜಾಗದಲ್ಲಿ ಜೇಡರ ಬಲೆಯಂತೆ ಸಣ್ಣ ಸುತ್ತುಗೆರೆಗಳು ಕಂಡರೆ ನುಣುಪು ಕಾಂಪೌಂಡಿನಿಂದ ಒಂದು ಕೈ ತಿರುವಿದರೆ ಸರಿಹೋಗುತ್ತದೆ.

ತುಂಗಾತೀರ, ಶಿವಮೊಗ್ಗ:

ಸರ್, ತಾವು ಹೇಳಿದಂತೆ ನಿನ್ನೆ ಬೆಳಿಗ್ಗೆ ಮಾಡಿದೆ. ಹಳದಿ ಬಣ್ಣ ಐದು ನಿಮಿಷದಲ್ಲಿ ಪೂರ್ತಿ ಹೋಯಿತು, ನನಗೇ ಆಶ್ಚರ್ಯವಾಯಿತು. ಅದರ ಕೆಳಗೆ ಎರಡು ಬೆರಳಗಲದಲ್ಲಿ ಬಂಪರಿನ ಕಪ್ಪು ಪ್ಲಾಸ್ಟಿಕ್ ಕಾಣುತ್ತಿದೆ. ಅಲ್ಲಿ ಕೈಯಾಡಿಸಿದರೆ ತೆಂಗಿನ ನಾರಿನಂತೆ ಎಳೆ ಎದ್ದಿದೆ. ಉಳಿದ ಭಾಗ ಬರೀ ಮಾಸಲು.

ತಗಡಿನ ಮೂರು ಗೀರುಗಳಲ್ಲಿ ಮೊದಲನೆಯದು ನೀರು ಬಿಟ್ಟ ಕೂಡಲೇ ಮಾಯವಾಯಿತು. ಎರಡನೆಯದರಲ್ಲಿ ಉಗುರು ಸ್ವಲ್ಪ ತಡೆಯುತ್ತದೆ, ನೀರಿನಲ್ಲಿ ಮಸುಕಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಮೂರನೆಯದು, ಸುಮಾರು ಒಂದು ಗೇಣು ಉದ್ದದ್ದು, ನೀರಿನಲ್ಲೂ ಬೂದು ಬಣ್ಣಕ್ಕಿದೆ, ಅದರೊಳಗೆ ಎರಡು ಕಡೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳಿವೆ. ಗೀರು ಬಿದ್ದು ಇನ್ನೂ ಆರು ದಿನ. ಇಷ್ಟು ಬೇಗ ತುಕ್ಕು ಹಿಡಿಯುತ್ತದೆಯೇ?

ಕಡಲ ಗಾಳಿ, ಉಡುಪಿ:

ಮಳೆಗಾಲದ ತೇವದಲ್ಲಿ ಬರಿ ತಗಡಿಗೆ ಆರು ದಿನ ಧಾರಾಳವಾಯಿತು. ನಮ್ಮ ಕಡೆ ಉಪ್ಪುಗಾಳಿಗೆ ಎರಡನೆಯ ದಿನವೇ ಕೆಂಪಗಾಗುತ್ತದೆ. ನನ್ನ ಹಳೆಯ ಗಾಡಿಯ ಬಾಗಿಲಿನ ಕೆಳ ಅಂಚಿನಲ್ಲಿ ಇಂಥದೇ ಒಂದು ಚುಕ್ಕೆಯನ್ನು ಮುಂದಿನ ಸರ್ವಿಸಿಗೆ ನೋಡೋಣ ಎಂದು ಬಿಟ್ಟಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಸುತ್ತ ಎಂಟಾಣೆಯಗಲ ಬಣ್ಣ ಗುಳ್ಳೆಯಾಗಿ ಎದ್ದಿತು. ಉಗುರಿನಿಂದ ಚುಚ್ಚಿದಾಗ ಬಣ್ಣ ಚಕ್ಕೆಯಾಗಿ ಬಂತು, ಕೆಳಗೆ ತುಕ್ಕು ಪುಡಿಪುಡಿಯಾಗಿತ್ತು. ತುಕ್ಕು ಮೇಲಿನಿಂದ ಕಾಣುವಷ್ಟೇ ಇರುವುದಿಲ್ಲ, ಬಣ್ಣದ ಅಡಿಯಲ್ಲಿ ಹರಡುತ್ತಾ ಹೋಗುತ್ತದೆ. ಆದ್ದರಿಂದ ಬಂಪರ್ ಒಂದು ತಿಂಗಳು ಕಾದರೂ ಚಿಂತೆಯಿಲ್ಲ, ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ; ಆ ಎರಡು ಸಾಸಿವೆ ಚುಕ್ಕೆಗಳನ್ನು ಮಾತ್ರ ಈ ವಾರವೇ ನೋಡಿಕೊಳ್ಳಿ.

ಪಾಲಿಸಿ ಪುಟ, ಮೈಸೂರು:

ಇನ್ಶೂರೆನ್ಸಿನಲ್ಲಿ ಮಾಡಿದರೆ ಹೊರೆಯಿಲ್ಲ ಎಂಬ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. ಮೇಡಂ ಅವರ ಪಾಲಿಸಿಯಲ್ಲಿ ಝೀರೋ ಡೆಪ್ರಿಸಿಯೇಶನ್, ಅಂದರೆ ಬಿಡಿಭಾಗ ಹಳೆಯದಾದದ್ದಕ್ಕೆಂದು ಸವಕಳಿ ಕಳೆಯದೆ ಹಣ ಕೊಡುವ, ಜನ ಬಂಪರ್ ಟು ಬಂಪರ್ ಎಂದು ಕರೆಯುವ ಸೌಲಭ್ಯ, ಇಲ್ಲ ಎಂದು ಇಟ್ಟುಕೊಳ್ಳುತ್ತೇನೆ.

ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಕ್ಕೆ ಗಾಡಿಯ ವಯಸ್ಸು ನೋಡದೆ ಶೇ. 50 ಸವಕಳಿ ಕಳೆಯುತ್ತಾರೆ. 4,200ರ ಬಂಪರಿನಲ್ಲಿ 2,100 ನಿಮ್ಮದು. ಬಣ್ಣದ ಬಿಲ್ಲು ಒಟ್ಟಾಗಿದ್ದರೆ ಅದರಲ್ಲಿ ಶೇ. 25 ಸಾಮಗ್ರಿಯ ಬೆಲೆ ಎಂದು ಪರಿಗಣಿಸಿ, ಆ ಭಾಗಕ್ಕೆ ಶೇ. 50 ಕಳೆಯುತ್ತಾರೆ. ಇಲ್ಲಿ ಬಣ್ಣಕ್ಕೆ 7,300, ಸಾಮಗ್ರಿ 1,825, ನಿಮ್ಮ ಪಾಲು ಸುಮಾರು 912. ಇದರ ಮೇಲೆ 1,500 ಸಿಸಿವರೆಗಿನ ಕಾರುಗಳಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ಕಳೆಯುವ 1,000 ಇದೆ. ಅಲ್ಲಿಗೆ 4,012 ರೂಪಾಯಿ ನಿಮ್ಮ ಕೈಯಿಂದಲೇ ಹೋಗುತ್ತದೆ, ಕಂಪನಿ ಕೊಡುವುದು 7,488.

ಇನ್ನು ನೋ ಕ್ಲೇಮ್ ಬೋನಸ್. ಮೂರು ವರ್ಷ ಕ್ಲೇಮ್ ಇಲ್ಲದಿದ್ದರೆ ಈಗ ನಿಮಗೆ ಶೇ. 35 ರಿಯಾಯಿತಿ ಸಿಗುತ್ತಿರುತ್ತದೆ, ಮುಂದಿನ ನವೀಕರಣಕ್ಕೆ ಶೇ. 45, ಅದರ ಮುಂದಿನದಕ್ಕೆ ಶೇ. 50 ಆಗಬೇಕು. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು, ಮತ್ತೆ 20, 25, 35, 45 ಎಂದು ಏರಬೇಕು. ಈ ರಿಯಾಯಿತಿ ಥರ್ಡ್ ಪಾರ್ಟಿ ಭಾಗಕ್ಕಲ್ಲ, ಸ್ವಂತ ಹಾನಿಯ ಪ್ರೀಮಿಯಂ ಭಾಗಕ್ಕೆ ಮಾತ್ರ. ಆ ಭಾಗ ವರ್ಷಕ್ಕೆ 6,000 ರೂಪಾಯಿ ಎಂದುಕೊಂಡರೆ ಐದು ನವೀಕರಣಗಳಲ್ಲಿ ಕ್ರಮವಾಗಿ 2,700, 1,800, 1,500, 900, 300 ರೂಪಾಯಿ ನಷ್ಟ, ಒಟ್ಟು 7,200. ಗಾಡಿಯ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು. ಆದರೂ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಬಹುಪಾಲು ಹಿಂದಕ್ಕೆ ಪಡೆದಂತೆಯೇ ಆಯಿತು. ಪಾಲಿಸಿಯಲ್ಲಿ ಬೋನಸ್ ರಕ್ಷಣೆಯ ಸೌಲಭ್ಯವಿದ್ದರೆ ಲೆಕ್ಕ ಬದಲಾಗುತ್ತದೆ, ಪಾಲಿಸಿಯ ಹಾಳೆಯನ್ನು ಒಮ್ಮೆ ತೆರೆದು ನೋಡಿ. ದೊಡ್ಡ ಅಪಘಾತವಾದರೆ ಹಿಂದುಮುಂದು ನೋಡದೆ ಕ್ಲೇಮ್ ಮಾಡಿ. ಗೀರಿಗೆ ಮಾಡುವ ಮೊದಲು ಈ ಲೆಕ್ಕ ಹಾಕಿ.

ಬಣ್ಣದ ಶೆಡ್, ಹುಬ್ಬಳ್ಳಿ:

ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಮೈಸೂರಿನವರಿಗೆ ಧನ್ಯವಾದ. ನಾನು ಕೆಲಸದ ಭಾಗಕ್ಕೆ ಬರುತ್ತೇನೆ.

ಮೇಡಂ, ನಿಮ್ಮ ಬಂಪರನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದನ್ನು ಬಿಚ್ಚಿದಾಗ ಒಳಮೈಯಲ್ಲಿ ಪಿಪಿ ಎಂಬ ಅಚ್ಚು ಕಾಣಬಹುದು, ಹೆಚ್ಚಿನ ಬಂಪರುಗಳು ಪಾಲಿಪ್ರೊಪಿಲೀನ್ ಮತ್ತು ರಬ್ಬರಿನ ಮಿಶ್ರಣ. ಬಿಸಿಗೆ ಮೆತ್ತಗಾಗುವುದು ಅದರ ಗುಣ. ನೆಗ್ಗಿದ ಜಾಗಕ್ಕೆ ಕುದಿಯುವ ನೀರನ್ನು ನಿಧಾನವಾಗಿ ಸುರಿದು, ಒಳಗಿನಿಂದ ಕೈಗವಸು ಹಾಕಿಕೊಂಡ ಅಂಗೈಯಲ್ಲಿ ಒತ್ತಿದರೆ ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಬಂದ ಕೂಡಲೇ ತಣ್ಣೀರು ಹಾಕಿದರೆ ಅಲ್ಲಿಯೇ ನಿಲ್ಲುತ್ತದೆ. ಚೂಪಾಗಿ ಮಡಿಚಿಕೊಂಡಿದ್ದರೆ ಮಾತ್ರ ಒಂದು ಗೆರೆ ಉಳಿಯುತ್ತದೆ. ಬಿಸಿಗಾಳಿಯ ಗನ್ನಿನಿಂದಲೂ ಮಾಡಬಹುದು, ಆದರೆ ಕೈ ಪಳಗಿರದಿದ್ದರೆ ಬಣ್ಣ ಗುಳ್ಳೆ ಏಳುತ್ತದೆ.

ಸಂದು ಬಿಟ್ಟಿರುವುದಕ್ಕೆ ಬಂಪರ್ ಕಾರಣವಲ್ಲದಿರಬಹುದು. ಬಂಪರಿನ ಮೂಲೆಯನ್ನು ತಗಡಿಗೆ ಹಿಡಿದಿಡುವ ಒಂದು ಗೇಣುದ್ದದ ಪ್ಲಾಸ್ಟಿಕ್ ಬ್ರಾಕೆಟ್ ಇರುತ್ತದೆ, ಪೆಟ್ಟು ಬಿದ್ದಾಗ ಮೊದಲು ಮುರಿಯುವುದು ಅದರ ಹಲ್ಲುಗಳೇ. ಆ ಬ್ರಾಕೆಟ್ ಪ್ರತ್ಯೇಕವಾಗಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಕೇಳಿ ತರಿಸಿಕೊಳ್ಳಿ.

ಕಪ್ಪು ಕಾಣುವ ಜಾಗಕ್ಕೆ ಬಣ್ಣ ಬೇಕೇ ಬೇಕು. ಇಲ್ಲಿ ಪೇಂಟರಿಗೆ ಒಂದೇ ಪ್ರಶ್ನೆ ಕೇಳಿ: ಪ್ಲಾಸ್ಟಿಕ್ ಪ್ರೈಮರ್ ಹೊಡೆಯುತ್ತೀರಾ? ಈ ಪ್ಲಾಸ್ಟಿಕ್ಕಿಗೆ ಎಣ್ಣೆ ಸವರಿದ ತಟ್ಟೆಯ ಗುಣವಿದೆ, ಯಾವ ಬಣ್ಣವೂ ಸುಮ್ಮನೆ ಅಂಟುವುದಿಲ್ಲ. ಹಿಡಿತ ಕೊಡುವ ಆ ತೆಳು ಪದರವನ್ನು ಬಿಟ್ಟು ನೇರವಾಗಿ ಬಣ್ಣ ಹೊಡೆದರೆ ಮೊದಲ ದಿನ ಕನ್ನಡಿಯಂತೆ ಕಾಣುತ್ತದೆ, ಆರು ತಿಂಗಳಲ್ಲಿ ಕಾರ್ ವಾಶ್‌ನ ನೀರಿನ ರಭಸಕ್ಕೆ ಹಾಳೆಯಂತೆ ಸುಲಿದು ಬರುತ್ತದೆ. ಎದ್ದಿರುವ ಎಳೆಗಳನ್ನು 180ರ ಉಜ್ಜುವ ಪೇಪರಿನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನುಣುಪು) ತೆಗೆದು, 320ರಲ್ಲಿ ಅಂಚು ಸವರಿ, ಬಾಗಿದರೂ ಬಿರಿಯದ ಬಂಪರ್ ಪುಟ್ಟಿಯನ್ನು ಬೇಕಾದಷ್ಟೇ ಹಚ್ಚಿ, ಪ್ರೈಮರ್ ಆದ ಮೇಲೆ 800ರ ವಾಟರ್ ಪೇಪರ್ ಹಾಕಿ, ನಂತರ ಬಣ್ಣ, ಕೊನೆಗೆ ಎರಡು ಕೈ ಕ್ಲಿಯರ್, ಇದು ಕ್ರಮ. ಬೂತಿನಲ್ಲಿ, ಅಂದರೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆಯಲ್ಲಿ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಉತ್ತಮ. ಬೂತಿಲ್ಲದ ಶೆಡ್ಡಿನಲ್ಲಿ ಮಾಡಿಸುವುದಾದರೆ ಮಳೆ ಬಿಟ್ಟ ದಿನ ನೋಡಿ ಕೊಡಿ; ಸುರಿಯುವ ಮಳೆಯಲ್ಲಿ ಹೊಡೆದ ಬಣ್ಣದ ಹೊಳಪು ಹಾಲು ಬೆರೆತಂತೆ ಮಸುಕಾಗುವುದುಂಟು.

ಇನ್ನು ಪಕ್ಕದ ತಗಡು. ಇಲ್ಲಿ ನನ್ನ ಮಾತು ನನ್ನ ಕಸುಬಿಗೇ ವಿರುದ್ಧವಾಗಿ ಕಾಣಬಹುದು, ಆದರೂ ಹೇಳುತ್ತೇನೆ: ಅದಕ್ಕೆ ಪೂರ್ತಿ ಬಣ್ಣ ಹಾಕಿಸಬೇಡಿ. ಬಾಗಿಲಿಗೆ ನಾಲ್ಕೂ ಕಡೆ ಅಂಚಿದೆ, ಅಂಚಿನಿಂದ ಅಂಚಿಗೆ ಕ್ಲಿಯರ್ ಹೊಡೆದು ಮುಗಿಸಬಹುದು. ಹಿಂಚಕ್ರದ ಮೇಲಿನ ತಗಡು ಹಾಗಲ್ಲ, ಅದು ಗಾಡಿಯ ಹಿಂಗಾಜಿನ ಪಕ್ಕದ ಕಂಬದ ಮೂಲಕ ಮೇಲೇರಿ ಛಾವಣಿಯವರೆಗೆ ಒಂದೇ ಹಾಸಾಗಿ ಹೋಗುತ್ತದೆ. ಛಾವಣಿಯ ಕೂಡುಗೆರೆಯವರೆಗೂ ಕ್ಲಿಯರ್ ಒಯ್ಯುವ ತಾಳ್ಮೆ ಇಲ್ಲದವರು ನಡುವೆ ಎಲ್ಲಿಯೋ ಥಿನ್ನರ್ ಹೊಡೆದು ಕರಗಿಸಿಬಿಡುತ್ತಾರೆ. ಆ ಕರಗಿದ ಅಂಚು ಕೆಲವು ವರ್ಷಗಳ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಮೇಲಾಗಿ ಬೆಳ್ಳಿ ಬಣ್ಣವೆಂದರೆ ನಮಗೆ ಅತಿ ಕಷ್ಟದ ಬಣ್ಣ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗುತ್ತವೆ ಎಂಬುದರ ಮೇಲೆ ಅದರ ಬೆಳಕು ನಿಂತಿದೆ. ಒದ್ದೆಯಾಗಿ ಹೊಡೆದರೆ ಕಪ್ಪಾಗುತ್ತದೆ, ಒಣದಾಗಿ ಹೊಡೆದರೆ ಬೆಳ್ಳಗಾಗುತ್ತದೆ. ಡಬ್ಬಿಯ ಮೇಲಿನ ಸಂಖ್ಯೆ ಒಂದೇ ಆದರೂ ಗನ್ನು ಹಿಡಿದ ಕೈ ಬೇರೆಯಾದರೆ ಬಣ್ಣ ಬೇರೆ. ಕಾರ್ಖಾನೆಯಲ್ಲಿ ತಗಡಿನ ಬಣ್ಣವನ್ನು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿರುತ್ತಾರೆ, ಯಾವ ಗ್ಯಾರೇಜಿನಲ್ಲೂ ಅದನ್ನು ಮತ್ತೆ ಮಾಡಲಾಗದು. ಒಂದು ಗೇಣು ಗೀರಿಗಾಗಿ ಅಂಥ ಬಣ್ಣವನ್ನು ಕೆರೆದು ತೆಗೆಯುವುದು ನನಗೆ ಮನಸ್ಸಿಗೆ ಒಪ್ಪದು.

ಮೊದಲ ಗೀರಿಗೆ ನುಣುಪು ಕಾಂಪೌಂಡ್ ಸಾಕು. ಎರಡನೆಯದನ್ನು ಮಧ್ಯಮ ಕಾಂಪೌಂಡಿನಲ್ಲಿ ಮಸುಕು ಮಾಡಿ, ಪೂರ್ತಿ ಹೋಗಲೇಬೇಕೆಂದು ಹಟ ಹಿಡಿಯಬೇಡಿ. ಮೂರನೆಯದಕ್ಕೆ ಟಚ್‌ಅಪ್ ಮಾಡಿಸಿ. ಬಾಗಿಲಿನ ಕಂಬದಲ್ಲೋ ಬಾನೆಟ್ಟಿನ ಕೆಳಗೋ ಅಂಟಿಸಿರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ, ಅದೇ ಕೋಡಿನ ಸಣ್ಣ ಬಾಟಲಿ ತರಿಸಿ. ಪೆನ್ಸಿಲಿನ ತುದಿಗೆ 800ರ ಪೇಪರಿನ ಚೂರು ಅಂಟಿಸಿಕೊಂಡು ಕಂದು ಚುಕ್ಕೆಯನ್ನಷ್ಟೇ, ತಗಡು ಬೆಳ್ಳಗೆ ಕಾಣುವವರೆಗೆ ತೇಯಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ಪ್ರೈಮರ್ ಇಟ್ಟು ಒಣಗಲು ಬಿಡಿ. ಆಮೇಲೆ ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಏಕೆಂದರೆ ಬೆಳ್ಳಿಯ ಚೂರುಗಳು ತಳಕ್ಕೆ ಕೂತಿರುತ್ತವೆ. ಬಣ್ಣವನ್ನು ಹಲ್ಲುಕಡ್ಡಿಯಲ್ಲೇ ಗೀರಿನೊಳಕ್ಕೆ ಹರಿಯಬಿಡಿ. ಮುಚ್ಚಳಕ್ಕೆ ಅಂಟಿದ ಕುಂಚ ತೀರಾ ದಪ್ಪ, ಅದನ್ನು ಬಳಸಿದರೆ ಗೀರಿನ ಎರಡೂ ಪಕ್ಕ ದಪ್ಪ ಅಂಚು ಉಳಿಯುತ್ತದೆ. ತೆಳುವಾಗಿ ಮೂರು ನಾಲ್ಕು ಸಲ, ಕೊನೆಗೆ ಕ್ಲಿಯರ್. ಹತ್ತಿರ ಬಂದು ನೋಡಿದವರಿಗೆ ಕಾಣುತ್ತದೆ, ನಾಲ್ಕು ಮಾರು ದೂರದಿಂದ ಕಾಣುವುದಿಲ್ಲ. ತುಕ್ಕು ಮಾತ್ರ ಖಂಡಿತ ನಿಲ್ಲುತ್ತದೆ.

ಬಣ್ಣದ ಕೆಲಸ ಮುಗಿಯುವವರೆಗೆ ಸಿಲಿಕೋನ್ ಇರುವ ಪಾಲಿಶ್ ಅಥವಾ ವ್ಯಾಕ್ಸ್ ಹತ್ತಿರ ತರಬೇಡಿ. ಅದರ ಜಿಡ್ಡು ಉಳಿದರೆ ಹೊಸ ಬಣ್ಣ ಅಲ್ಲಲ್ಲಿ ಬಿಟ್ಟುಕೊಂಡು ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ.

ರಿಂಗ್ ರೋಡ್, ಬೆಂಗಳೂರು:

ಸರ್, ನನ್ನ ಮೊದಲ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಸಂದೇಹ: ಹಾರ್ಡನರ್ ಬೆರೆತು ಗಟ್ಟಿಯಾಗುವ, ಗ್ಯಾರೇಜಿನ ಗುಣಮಟ್ಟದ ಕ್ಲಿಯರ್ ಈಗ ಡಬ್ಬಿಯಲ್ಲೇ ಸಿಗುತ್ತದೆ. ಅದನ್ನು ಮನೆಯ ಪಾರ್ಕಿಂಗಿನಲ್ಲಿ ಬಳಸಬಹುದೇ? ನನ್ನ ಹೊಸ ಗಾಡಿಯ ಬಂಪರಿನಲ್ಲಿ ಸುತ್ತಲಿನ ಗಾಡಿಗಳನ್ನು ಗುರುತಿಸುವ ರೇಡಾರ್ ಕೂಡ ಇದೆ.

ಬಣ್ಣದ ಶೆಡ್, ಹುಬ್ಬಳ್ಳಿ:

ಬಳಸಬೇಡಿ. ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಹತ್ತಿಸಬಲ್ಲದು, ಒಮ್ಮೆ ಹತ್ತಿದರೆ ಮುಂದೆ ಒಂದಿಷ್ಟು ವಾಸನೆಗೂ ಉಸಿರು ಕಟ್ಟುತ್ತದೆ. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಯಾವುದೂ ಅದನ್ನು ತಡೆಯುವುದಿಲ್ಲ. ನನ್ನ ಜೊತೆ ಕೆಲಸ ಕಲಿತವರೊಬ್ಬರು ಇದೇ ಕಾರಣಕ್ಕೆ ನಲವತ್ತು ತುಂಬುವ ಮೊದಲು ಗನ್ನು ಕೆಳಗಿಟ್ಟರು. ಪಾರ್ಕಿಂಗಿನಲ್ಲಿ ಮಕ್ಕಳು ಆಡುತ್ತಿರುತ್ತಾರೆ ಎಂಬುದನ್ನೂ ನೆನಪಿಡಿ.

ರೇಡಾರ್ ಇರುವ ಬಂಪರಾದರೆ ಅದರ ಮುಂದಿನ ಭಾಗಕ್ಕೆ ಪುಟ್ಟಿ ಹಚ್ಚಿಸಬೇಡಿ. ಪುಟ್ಟಿಯ ದಪ್ಪ, ಮೆಟಾಲಿಕ್ ಬಣ್ಣದ ಹೆಚ್ಚುವರಿ ಪದರ ಎರಡೂ ರೇಡಾರಿನ ಅಲೆಗಳನ್ನು ಕೆಡಿಸುತ್ತವೆ. ಅಲ್ಲಿ ಗಾಡಿ ತಯಾರಕರ ಸೂಚನೆಯಂತೆಯೇ ನಡೆಯಬೇಕು, ಬಂಪರ್ ಬದಲಿಸುವುದೇ ಸರಿಯಾಗುವ ಸಂದರ್ಭಗಳಲ್ಲಿ ಇದೊಂದು.

ತುಂಗಾತೀರ, ಶಿವಮೊಗ್ಗ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸರ್ ಹೇಳಿದ್ದು ನಿಜವಾಯಿತು, ಬಂಪರ್ ಬಿಚ್ಚಿದಾಗ ಬ್ರಾಕೆಟ್ಟಿನ ಎರಡು ಹಲ್ಲುಗಳು ಮುರಿದಿದ್ದವು. ಹೊಸದಕ್ಕೆ 350 ರೂಪಾಯಿ ಆಯಿತು, ಸಂದು ಪೂರ್ತಿ ಕೂಡಿಕೊಂಡಿದೆ. ಬಂಪರಿನ ನೆಗ್ಗನ್ನು ನಮ್ಮ ಅಂಗಳದಲ್ಲೇ ಎರಡು ಕೆಟಲ್ ಕುದಿನೀರು ಹಾಕಿ ಯಜಮಾನರು ಒಳಗಿನಿಂದ ಒತ್ತಿದರು. ಠಪ್ಪೆಂದು ಸದ್ದಾಗಿ ಮೂಲೆ ಮೇಲೆದ್ದಿತು. ಇಲ್ಲಿನ ಒಂದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಪ್ರೈಮರ್ ಬಗ್ಗೆ ಕೇಳಿದಾಗ ಪೇಂಟರ್ ಡಬ್ಬಿಯನ್ನೇ ತಂದು ತೋರಿಸಿದರು, ಅಲ್ಲಿಯೇ ಕೊಟ್ಟೆ. ಬಂಪರಿಗೆ ಬಣ್ಣ 3,000, ಟಚ್‌ಅಪ್ ಬಾಟಲಿ, ಪ್ರೈಮರ್ ಎಲ್ಲ ಸೇರಿ 600, ಕಾಂಪೌಂಡ್ 400. ಒಟ್ಟು 4,350. ಕ್ಲೇಮ್ ಮಾಡಿದ್ದರೂ ಹೆಚ್ಚುಕಡಿಮೆ ಇಷ್ಟೇ ನನ್ನ ಕೈಯಿಂದ ಹೋಗುತ್ತಿತ್ತು, ಬೋನಸ್ಸೂ ಹೋಗುತ್ತಿತ್ತು.

ಮೊದಲ ಗೀರು ಹೋಯಿತು. ಎರಡನೆಯದು ಎಲ್ಲಿತ್ತೆಂದು ಹುಡುಕಬೇಕು. ಮೂರನೆಯದು ದಾರದಂತೆ ಕಾಣುತ್ತದೆ, ಕಂದು ಚುಕ್ಕೆ ಮತ್ತೆ ಬಂದಿಲ್ಲ. ಬಂಪರ್ ಮಾತ್ರ ನೇರ ಬಿಸಿಲಿನಲ್ಲಿ ತಗಡಿನ ಬಣ್ಣಕ್ಕೆ ಸರಿಹೊಂದುತ್ತದೆ, ಸಂಜೆ ಓರೆಯಾಗಿ ನೋಡಿದರೆ ಒಂದು ಛಾಯೆ ಕಪ್ಪು. ಇದು ಪೇಂಟರ್ ಮಾಡಿದ ತಪ್ಪೇ, ಸರ್?

ಬಣ್ಣದ ಶೆಡ್, ಹುಬ್ಬಳ್ಳಿ:

ತಪ್ಪಲ್ಲ ಮೇಡಂ. ಬಂಪರಿನ ಬಲಗಡೆಯ ಮೂಲೆಯಲ್ಲಿ ಕಾರ್ಖಾನೆಯ ಬಣ್ಣ ಇನ್ನೂ ಉಳಿದಿದ್ದರೆ ಅದೇ ಸಂಜೆ ಬೆಳಕಿನಲ್ಲಿ ಆ ಕಡೆಯ ತಗಡಿನೊಂದಿಗೆ ಹೋಲಿಸಿ ನೋಡಿ. ಬಂಪರುಗಳಿಗೆ ತಗಡಿನಷ್ಟು ಬಿಸಿ ಕೊಡಲಾಗದ ಕಾರಣ ಕಾರ್ಖಾನೆಯಲ್ಲೇ ಅವುಗಳಿಗೆ ಬೇರೆಯಾಗಿ ಬಣ್ಣ ಹಾಕುತ್ತಾರೆ, ಹೊಸ ಗಾಡಿಯಲ್ಲೂ ಒಂದಿಷ್ಟು ಛಾಯೆ ವ್ಯತ್ಯಾಸ ಇದ್ದೇ ಇರುತ್ತದೆ. ಹೊಸ ಕ್ಲಿಯರ್ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಬರೀ ನೀರಿನಲ್ಲಿ ತೊಳೆಯಿರಿ, ವ್ಯಾಕ್ಸ್ ಹಚ್ಚಬೇಡಿ, ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೆಯಿರಿ.

ತುಂಗಾತೀರ, ಶಿವಮೊಗ್ಗ:

ನೋಡಿದೆ ಸರ್. ಬಲಗಡೆಯಲ್ಲೂ ಅದೇ ಛಾಯೆ ವ್ಯತ್ಯಾಸವಿದೆ, ಮೂರೂವರೆ ವರ್ಷದಲ್ಲಿ ನಾನು ಗಮನಿಸಿಯೇ ಇರಲಿಲ್ಲ. ತುಂಬಾ ಧನ್ಯವಾದಗಳು.